ದೃಷ್ಟಿಬೊಟ್ಟಿನ ಹಕ್ಕಿಗಳು

ಹೋದ ವರ್ಷ ಅಕ್ಟೋಬರಿನಲ್ಲಿ ಕುಮಟಾದ ಒಂದು ಕಾಲೇಜಿನಲ್ಲಿ ಗಲ್ ಅನ್ನುವ ನೀರುಹಕ್ಕಿಗಳ ಬಗ್ಗೆ ಮಾತಾಡಿದ್ದು ಇದು. ಬರೆದುಕೊಡಿ ಅಂತ ಕೆಲವರು ಕೇಳಿದರು, ಕೂತು ಬರೆದೆ. ಆದಷ್ಟೂ ಮಾತಾಡಿದ ಹಾಗೇ ಇಟ್ಟಿದ್ದೇನೆ. ಅವತ್ತು ಪ್ರೊಜೆಕ್ಟರ್ ಕೈಕೊಟ್ಟಿತು. ಫೋಟೋ ತೋರಿಸುವ ಬದಲು ಎಲ್ಲವನ್ನೂ ಬಾಯಲ್ಲೇ ವರ್ಣಿಸಬೇಕಾಯಿತು. ಈಗ ಬರೆಯುವುದಕ್ಕೆ ಅದೇ ಅನುಕೂಲವಾಯಿತು.

ಎಲ್ಲರಿಗೂ ನಮಸ್ಕಾರ. ನಾನು ಪಕ್ಷಿತಜ್ಞ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬ್ಯಾಂಕಿನಲ್ಲಿ ಗುಮಾಸ್ತ. ಊರು ಹಾವೇರಿ ಕಡೆ. ವರ್ಗವಾಗಿ ಇಲ್ಲಿಗೆ ಬರುವವರೆಗೆ ಸಮುದ್ರ ಅಂದರೆ ನನಗೆ ಕಾಲೇಜು ಟ್ರಿಪ್ಪಿನಲ್ಲಿ ಪ್ಯಾಂಟು ಮಡಚಿಕೊಂಡು ನಿಂತು ಫೋಟೋ ತೆಗೆಸಿಕೊಂಡ ಜಾಗ, ಅಷ್ಟೆ. ಇಲ್ಲಿಗೆ ಬಂದ ಮೊದಲ ಡಿಸೆಂಬರಿನಲ್ಲಿ ಒಂದು ಭಾನುವಾರ ಸುಮ್ನೆ ಅಘನಾಶಿನಿ ಊರಿನ ಕಡೆ ಹೋಗಿದ್ದೆ. ತದಡಿಗೆ ದಾಟುವ ದೋಣಿಗೆ ಕಾಯುತ್ತಾ ನಿಂತಿದ್ದಾಗ, ಹೊಳೆ ಕಡಲು ಸೇರುವ ಅಳಿವೆಯ ನಡುವಿನ ಮರಳುದಿಬ್ಬದ ಮೇಲೆ ಬೆಳ್ಳಗೆ ಏನೋ ಹರಡಿದ ಹಾಗೆ ಕಂಡಿತು. ಉಪ್ಪು ಅಂದುಕೊಂಡೆ. ಸಾಣಿಕಟ್ಟಾದ ಉಪ್ಪಿನಾಗರ ಹತ್ತಿರವೇ ಅಲ್ವಾ, ತಲೆ ಹಾಗೆ ಓಡಿತು. ಅಷ್ಟರಲ್ಲಿ ಒಂದು ಮೀನಿನ ಬೋಟು ಸದ್ದು ಮಾಡುತ್ತಾ ಹಾದುಹೋಯಿತು. ಉಪ್ಪೆಲ್ಲ ಎದ್ದು ಹಾರಿತು.

ಅವತ್ತಿಂದ ಹಿಡಿದ ಹುಚ್ಚು ಇದು. ನಾಲ್ಕು ಚಳಿಗಾಲ ಕಳೆದಿದೆ. ಭಾನುವಾರ ಬಂತೆಂದರೆ ಅದೇ ದಂಡೆ, ಅದೇ ಗಾಳಿಮರದ ಬುಡ, ಅದೇ ದಿಬ್ಬ. ಬೇರೆ ಬೇರೆ ಜಾಗಕ್ಕೆ ಹೋದರೆ ಜಾಸ್ತಿ ಜಾತಿ ಸಿಗುತ್ತವೆ ಅಂತ ಸ್ನೇಹಿತರು ಹೇಳುತ್ತಾರೆ. ಸಿಗುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ಗಲ್ ವಿಷಯದಲ್ಲಿ ನನಗೆ ಏನಾದರೂ ತಲೆಗೆ ಹತ್ತಿದ್ದರೆ ಅದು ಒಂದೇ ಗುಂಪನ್ನು ನವೆಂಬರಿಂದ ಏಪ್ರಿಲ್‌ವರೆಗೆ ಬಿಡದೆ ನೋಡಿದ್ದರಿಂದ. ಯಾಕೆ ಅಂತ ಹೇಳುವುದಕ್ಕೇ ಇವತ್ತು ಬಂದಿದ್ದೇನೆ.

ಇಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಜನ ಅಳಿವೆ ದಂಡೆಯವರೇ. ನಿಮಗೆ ಅಳಿವೆ ಅಂದರೇನು ಅಂತ ನಾನು ಹೇಳುವುದು ಅಜ್ಜಿಗೆ ಮೊಮ್ಮಗ ಕೆಮ್ಮು ಕಲಿಸಿದ ಹಾಗೆ. ಎರಡು ಮಾತು ಮಾತ್ರ. ಶಿರಸಿ ಕಡೆ ಹುಟ್ಟುವ ಅಘನಾಶಿನಿ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ, ಹಾಗಾಗಿ ಘಟ್ಟದ ಮಣ್ಣು, ಸಿಹಿನೀರು ಎರಡೂ ಕೆಳಗಿನವರೆಗೆ ಬರುತ್ತವೆ. ಭರತದಲ್ಲಿ ಉಪ್ಪುನೀರು ಗಜನಿ ಗದ್ದೆಗಳವರೆಗೆ ಮೇಲೇರುತ್ತದೆ. ಈ ಎರಡೂ ಬೆರೆಯುವ ಕೆಸರಿನಲ್ಲೇ ನಿಮ್ಮ ಬಳಚು ಚಿಪ್ಪು, ಏಡಿ, ಶೆಟ್ಲಿ, ನೊಗಲಿ ಎಲ್ಲ. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹಕ್ಕಿಗಳಿಗೆ ಆ ಸುದ್ದಿ ತಲುಪಿಲ್ಲ, ಅವು ಮೊದಲಿಂದಲೂ ಬರುತ್ತಿದ್ದವು.

ಈಗ ಹೆಸರಿನ ವಿಷಯ. ಕನ್ನಡದ ಪುಸ್ತಕಗಳಲ್ಲಿ ಗಲ್‌ಗೆ ಕಡಲಕ್ಕಿ ಅಂತ ಬರೆಯುತ್ತಾರೆ. ಚೆಂದದ ಹೆಸರು, ಆದರೆ ಸ್ವಲ್ಪ ದಾರಿ ತಪ್ಪಿಸುತ್ತದೆ. ನಮ್ಮ ಅಳಿವೆಯಲ್ಲಿ ಅತಿ ಹೆಚ್ಚು ಕಾಣುವ ಕಂದುತಲೆ ಗಲ್ ಹುಟ್ಟುವುದು ಕಡಲ ಹತ್ತಿರ ಅಲ್ಲವೇ ಅಲ್ಲ. ಲಡಾಖ್, ಟಿಬೆಟ್, ಪಾಮೀರ್ ಕಡೆಯ ಎತ್ತರದ ಸರೋವರಗಳಲ್ಲಿ ಅದು ಗೂಡು ಮಾಡುತ್ತದೆ. ಲಡಾಖಿನ ತ್ಸೋ ಕರ್ ಸರೋವರ ಇರುವುದು ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಮೇಲೆ. ಅಲ್ಲಿ ನಾವು ನಾಲ್ಕು ಹೆಜ್ಜೆ ಜೋರಾಗಿ ನಡೆದರೆ ಏದುಸಿರು ಬರುತ್ತದೆ. ಅಂಥ ಕಡೆ ಹುಟ್ಟಿದ ಮರಿ ಮೂರು ನಾಲ್ಕು ತಿಂಗಳಿಗೆ ಇಲ್ಲಿ ಬಂದು ತದಡಿ ಬಂದರಿನಲ್ಲಿ ತಾರ್ಲೆ ಮೀನಿಗೆ ಜಗಳ ಆಡುತ್ತಿರುತ್ತದೆ. ಪಲ್ಲಾಸ್ ಗಲ್ ಕೂಡ ಹಾಗೇ, ಕಜಾಕಿಸ್ತಾನ, ಮಂಗೋಲಿಯಾ ಕಡೆಯ ಕೆರೆ ಸರೋವರಗಳದ್ದು. ಕಡಲಕ್ಕಿ ಅನ್ನುವುದಕ್ಕಿಂತ ಚಳಿಗಾಲದಲ್ಲಿ ಮಾತ್ರ ಕಡಲಿಗೆ ಬರುವ ಕೆರೆಹಕ್ಕಿ ಅನ್ನುವುದೇ ಸರಿ ಅಂತ ನನಗೆ ಅನಿಸುತ್ತದೆ. ಹಾಗಾಗಿ ನಾನು ಗಲ್ ಅಂತಲೇ ಅನ್ನುತ್ತೇನೆ. ಬಯಲುಸೀಮೆಯ ತುಂಗಭದ್ರಾ ಹಿನ್ನೀರಿನಲ್ಲೂ ಚಳಿಗಾಲಕ್ಕೆ ಇವು ಇಳಿಯುತ್ತವೆ. ಅಂದರೆ ನಾನು ಹುಡುಗನಾಗಿದ್ದಾಗಲೂ ನಮ್ಮ ಕಡೆ ಇದ್ದವು. ನಾನು ತಲೆ ಎತ್ತಿ ನೋಡಿರಲಿಲ್ಲ, ಅಷ್ಟೆ.

ಗಲ್ಲೋ ರೀವವೋ ಅನ್ನುವುದು ಮೊದಲ ಗೊಂದಲ, ಇದನ್ನು ಬೇಗ ಮುಗಿಸೋಣ. ರೀವ ಅಂದರೆ ಟರ್ನ್. ಹಾರುವಾಗ ಕೊಕ್ಕು ಕೆಳಗೆ ಮಾಡಿಕೊಂಡು, ಏನೋ ಬಿದ್ದಿದ್ದನ್ನು ಹುಡುಕುವವರ ಹಾಗೆ ನೀರನ್ನೇ ನೋಡುತ್ತಾ ಹಾರುತ್ತದೆ, ಆಮೇಲೆ ಕಲ್ಲು ಬಿದ್ದ ಹಾಗೆ ಬೀಳುತ್ತದೆ. ಗಲ್ ಹಾಗೆ ಮೈ ನೋಯಿಸಿಕೊಳ್ಳುವುದಿಲ್ಲ. ನೀರಿನ ಮೇಲೆ ಬಾತುಕೋಳಿಯ ಹಾಗೆ ಆರಾಮಾಗಿ ಕೂತಿರುತ್ತದೆ, ಮೇಲೆ ತೇಲುವುದನ್ನು ಹೆಕ್ಕುತ್ತದೆ, ರೀವ ಹಿಡಿದ ಮೀನನ್ನು ಅಟ್ಟಿಸಿಕೊಂಡು ಹೋಗಿ ಕಸಿಯುತ್ತದೆ. ಕೊಕ್ಕು ಕೆಂಪು ಗಜ್ಜರಿಯ ಹಾಗಿದ್ದು ಗಲ್ಲಿನಷ್ಟೇ ದೊಡ್ಡ ಹಕ್ಕಿ ಕಂಡರೆ ಅದು ಕ್ಯಾಸ್ಪಿಯನ್ ರೀವ. ಮೊದಲ ವರ್ಷ ಅದನ್ನು ಯಾವುದೋ ಅಪರೂಪದ ಗಲ್ ಅಂತ ಮೂರು ವಾರ ಬರೆದುಕೊಂಡಿದ್ದೆ. ಅದನ್ನು ಜಾಸ್ತಿ ವಿವರಿಸುವುದು ಬೇಡ.

ಈಗ ಅಸಲು ಕಥೆ. ನಮ್ಮ ದಿಬ್ಬದ ಮೇಲೆ ಕೂರುವ ಸಣ್ಣ ಗಲ್‌ಗಳಲ್ಲಿ ಎರಡು ಜಾತಿ. ಕಂದುತಲೆ, ಕಪ್ಪುತಲೆ. ಹೆಸರು ಕೇಳಿದರೆ ಎಷ್ಟು ಸುಲಭ ಅಲ್ವಾ, ತಲೆ ನೋಡಿದರಾಯಿತು. ತಮಾಷೆ ಏನೆಂದರೆ ಚಳಿಗಾಲದಲ್ಲಿ ಎರಡಕ್ಕೂ ತಲೆ ಬಿಳಿ. ಕಣ್ಣಿನ ಹಿಂದೆ, ಕಿವಿ ಇರಬೇಕಾದ ಜಾಗದಲ್ಲಿ ಒಂದು ಮಸಿಚುಕ್ಕೆ ಮಾತ್ರ. ಮಗುವಿಗೆ ಸ್ನಾನ ಮಾಡಿಸಿ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಾರಲ್ಲ, ಥೇಟ್ ಹಾಗೆ. ಎರಡೂ ಜಾತಿಗೂ ಅದೇ ಬೊಟ್ಟು, ಅದೇ ಜಾಗ. ಇನ್ನೂ ತಮಾಷೆ ಅಂದರೆ ಬೇಸಿಗೆಯಲ್ಲಿ ಬಣ್ಣ ಬಂದಾಗಲೂ ಕಪ್ಪುತಲೆಯ ತಲೆ ಕಪ್ಪಲ್ಲ, ಗಾಢ ಚಾಕಲೇಟ್ ಬಣ್ಣ. ಹೆಸರಿಟ್ಟವರು ದೂರದಿಂದ ನೋಡಿರಬೇಕು. ಅದರ ವೈಜ್ಞಾನಿಕ ಹೆಸರಿನಲ್ಲಿರುವ ರಿಡಿಬಂಡಸ್ ಅಂದರೆ ನಗುವಂಥದ್ದು. 1766ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಇಟ್ಟಿದ್ದು. ಅದರ ಕೂಗು ಕೇಳಿ ನನಗಂತೂ ನಗು ನೆನಪಾಗಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಸೀಟಿಗೆ ಜಗಳ ಆಡುವುದು ನೆನಪಾಗಿದೆ. ಕಂದುತಲೆಗೆ 1840ರಲ್ಲಿ ಹೆಸರಿಟ್ಟವನು ಜೆರ್ಡನ್, ಮದ್ರಾಸ್ ಸೇನೆಯಲ್ಲಿ ಡಾಕ್ಟರಾಗಿದ್ದವನು.

ತಲೆ ಬಿಟ್ಟು ಕಣ್ಣು ನೋಡಿ. ಬೆಳೆದ ಕಂದುತಲೆ ಗಲ್ಲಿನ ಕಣ್ಣು ತಿಳಿ ಬಣ್ಣದ್ದು, ನಡುವೆ ಸಣ್ಣ ಕಪ್ಪು ಗುಂಡು, ಸುತ್ತ ತೆಳ್ಳಗೆ ಕೆಂಪು ಅಂಚು. ಯಾವಾಗಲೂ ಸಿಟ್ಟಿನಲ್ಲಿರುವ ಹೆಡ್‌ಮಾಸ್ತರರ ಹಾಗೆ ಕಾಣುತ್ತದೆ. ಕಪ್ಪುತಲೆಯದು ಪೂರ್ತಿ ಕರಿಗಣ್ಣು, ಮುಖ ಪಾಪದ್ದು. ಮೈಯೂ ಒಂದು ಸುತ್ತು ಸಣ್ಣದು, ಕೊಕ್ಕು ಸಪೂರ. ಎರಡೂ ಪಕ್ಕಪಕ್ಕ ಕೂತಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಒಂದೇ ಇದ್ದಾಗ ಗಾತ್ರ ನೋಡಿ ಹೇಳುತ್ತೇನೆ ಅನ್ನುವವರನ್ನು ನಾನು ನಂಬುವುದಿಲ್ಲ, ನನ್ನನ್ನೂ ಸೇರಿಸಿ.

ರೆಕ್ಕೆ ಬಿಚ್ಚಿದರೆ ಮಾತ್ರ ಗುಟ್ಟು ಹೊರಬೀಳುತ್ತದೆ. ಬೆಳೆದ ಕಂದುತಲೆಯ ರೆಕ್ಕೆ ತುದಿ ಅಗಲವಾಗಿ ಕಪ್ಪು, ಆ ಕಪ್ಪಿನೊಳಗೆ ಎರಡು ದೊಡ್ಡ ಬಿಳಿ ಮಚ್ಚೆ. ಹಕ್ಕಿ ನೋಡುವವರು ಇದನ್ನು ಮಿರರ್ ಅನ್ನುತ್ತಾರೆ, ನಾನು ಕನ್ನಡಿ ಅಂತ ಬರೆದುಕೊಳ್ಳುತ್ತೇನೆ. ಕಪ್ಪುತಲೆಗೆ ಕನ್ನಡಿ ಇಲ್ಲ. ಅದರ ಬದಲು ರೆಕ್ಕೆಯ ಮುಂದಿನ ಅಂಚಿನ ಉದ್ದಕ್ಕೂ ಬಿಳಿ ಪಟ್ಟಿ, ಕಪ್ಪು ಬಣ್ಣ ಗರಿಗಳ ತುದಿಯಲ್ಲಿ ಮಾತ್ರ, ಸೀರೆಗೆ ಕರಿ ಅಂಚು ಹೊಲಿದ ಹಾಗೆ. ಒಮ್ಮೆ ಕಣ್ಣಿಗೆ ಕೂತರೆ ಅರ್ಧ ಕಿಲೋಮೀಟರ್ ದೂರದಿಂದಲೂ ಹೇಳಬಹುದು. ನನಗೆ ಕಣ್ಣಿಗೆ ಕೂರಲು ಒಂದು ವರ್ಷ ಹಿಡಿಯಿತು. ಕೂತ ಹಕ್ಕಿ ರೆಕ್ಕೆ ಬಿಚ್ಚುವುದಿಲ್ಲವಲ್ಲ! ಹಾಗಂತ ಹತ್ತಿರ ಹೋಗಿ ಎಬ್ಬಿಸಬೇಡಿ. ಅವು ದಿಬ್ಬದ ಮೇಲೆ ಕೂರುವುದು ದಣಿವಾರಿಸಿಕೊಳ್ಳಲು, ನಮಗೆ ಪೋಸು ಕೊಡಲು ಅಲ್ಲ. ಕಾಯಿರಿ. ಅರ್ಧ ಗಂಟೆಯಲ್ಲಿ ಒಂದು ಬೋಟು ಬಂದೇ ಬರುತ್ತದೆ, ಇಲ್ಲವಾದರೆ ಗದ್ದೆ ಕಡೆಯಿಂದ ಸೆಳೆವ ಅನ್ನುವ ಬೇಟೆಹಕ್ಕಿ ತಗ್ಗಿನಲ್ಲಿ ತೇಲಿಬರುತ್ತದೆ. ಇಡೀ ಗುಂಪು ಒಂದೇ ಸಲಕ್ಕೆ ಎದ್ದು, ದಿಬ್ಬದ ಮೇಲೆ ಎರಡು ಸುತ್ತು ಹೊಡೆದು ಮತ್ತೆ ಕೂರುತ್ತದೆ. ಆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಎಲ್ಲ ರೆಕ್ಕೆಗಳೂ ತೆರೆದಿರುತ್ತವೆ. ಬೈನಾಕ್ಯುಲರ್ ಆಗಲೇ ಕಣ್ಣಲ್ಲಿರಬೇಕು, ಚಹಾದ ಲೋಟ ಕೈಯಲ್ಲಿದ್ದರೆ ಮುಗೀತು.

ಇಷ್ಟು ಕೇಳಿದ ಮೇಲೆ ನಿಮಗೆ ಎಲ್ಲ ಗೊತ್ತಾಯಿತು ಅನಿಸಬಹುದು. ನನಗೂ ಹಾಗೇ ಅನಿಸಿತ್ತು. ಎರಡನೇ ವರ್ಷ ಡಿಸೆಂಬರಿನಲ್ಲಿ ಒಂದು ದಿನ ನಲವತ್ತು ಕಪ್ಪುತಲೆ ಗಲ್ ಅಂತ ಹಕ್ಕಿಗಳ ಪಟ್ಟಿ ಸೇರಿಸುವ ಜಾಲತಾಣ ಈಬರ್ಡ್‌ಗೆ ಪಟ್ಟಿ ಹಾಕಿದೆ. ಕರಿಗಣ್ಣು, ರೆಕ್ಕೆಯಲ್ಲಿ ಕನ್ನಡಿ ಇಲ್ಲ, ಇನ್ನೇನು ಬೇಕು? ಎರಡು ದಿನ ಬಿಟ್ಟು ಪಟ್ಟಿ ಪರಿಶೀಲಿಸುವವರಿಂದ ಬಹಳ ಮರ್ಯಾದೆಯ ಒಂದು ಮೇಲ್ ಬಂತು. ಅಷ್ಟೊಂದು ಇದ್ದಿದ್ದು ಖುಷಿಯ ಸಂಗತಿ, ಹಾರುವಾಗಿನ ಫೋಟೋ ಏನಾದರೂ ಇದೆಯಾ ಅಂತ. ಇತ್ತು, ಕಳಿಸಿದೆ. ಉತ್ತರ ಬಂತು: ಇವು ಹೆಚ್ಚುಕಡಿಮೆ ಎಲ್ಲವೂ ಕಂದುತಲೆ, ಮೊದಲ ಚಳಿಗಾಲದ ಮರಿಗಳು.

ಆಗಿದ್ದೇನೆಂದರೆ, ಮೊದಲ ಚಳಿಗಾಲದಲ್ಲಿ ಕಂದುತಲೆಗೂ ಕಣ್ಣು ಕರಿದೇ ಇರುತ್ತದೆ, ತಿಳಿಯಾಗುವುದು ಆಮೇಲೆ. ರೆಕ್ಕೆ ತುದಿಯಲ್ಲಿ ಕನ್ನಡಿಯೂ ಇರುವುದಿಲ್ಲ, ಪೂರ್ತಿ ಕಪ್ಪು. ನಾನು ದೊಡ್ಡವರ ಗುರುತು ಹಿಡಿದುಕೊಂಡು ಮಕ್ಕಳನ್ನು ಅಳೆದಿದ್ದೆ. ಮರಿಗಳಲ್ಲಿ ನೋಡಬೇಕಾದ್ದೇ ಬೇರೆ. ಕಪ್ಪುತಲೆಯ ಮರಿಗೆ ಮುಂದಿನ ಅಂಚಿನ ಬಿಳಿ ಪಟ್ಟಿ ಆಗಲೇ ಇರುತ್ತದೆ, ಸ್ವಲ್ಪ ಕೊಳೆಯಾದ ಹಾಗೆ. ಕಂದುತಲೆಯ ಮರಿಗೆ ಹೊರಗಿನ ಗರಿಗಳೆಲ್ಲ ಕಪ್ಪು, ಬಿಳಿ ಬಣ್ಣ ಅದರ ಒಳಗಡೆ, ರೆಕ್ಕೆಯ ನಡುವಿಗೆ ಸರಿದಿರುತ್ತದೆ. ಇದು ಮರಿ ಅಂತ ಮೊದಲು ಹೇಗೆ ಗೊತ್ತಾಗಬೇಕು? ಬಾಲದ ತುದಿ ನೋಡಿ. ಕಪ್ಪು ಪಟ್ಟಿ ಇದ್ದರೆ ಆ ವರ್ಷದ ಮರಿ. ಮಡಚಿದ ರೆಕ್ಕೆಯ ಮೇಲೆ ಕಂದು ಗರಿಗಳು ಉಳಿದಿರುತ್ತವೆ, ಕಾಲು ಕೆಂಪಲ್ಲ, ಕಿತ್ತಳೆ.

ಅವತ್ತಿಂದ ನನ್ನ ನೋಟ್‌ಬುಕ್ಕಿನ ಕ್ರಮವೇ ಬದಲಾಯಿತು. ಮೊದಲು ವಯಸ್ಸು, ಆಮೇಲೆ ಜಾತಿ. ನಾವು ಮನುಷ್ಯರನ್ನೂ ಹಾಗೇ ನೋಡುತ್ತೇವಲ್ಲ. ದೂರದಲ್ಲಿ ಬರುವವರು ಹುಡುಗನೋ ಮುದುಕರೋ ಅಂತ ಮೊದಲು ತಿಳಿಯುತ್ತದೆ, ಯಾರ ಮನೆಯವರು ಅನ್ನುವುದು ಹತ್ತಿರ ಬಂದ ಮೇಲೆ. ಸಣ್ಣ ಗಲ್‌ಗಳು ಎರಡು ವರ್ಷದಲ್ಲಿ ದೊಡ್ಡವರ ವೇಷಕ್ಕೆ ಬರುತ್ತವೆ, ದೊಡ್ಡ ಗಲ್‌ಗಳಿಗೆ ನಾಲ್ಕು ವರ್ಷ ಬೇಕು. ಅಂದರೆ ಒಂದೇ ಜಾತಿಯ ದೊಡ್ಡ ಗಲ್ ನಾಲ್ಕು ಬೇರೆ ಬೇರೆ ಅಂಗಿ ಹಾಕಿಕೊಂಡು ಒಂದೇ ದಿಬ್ಬದ ಮೇಲೆ ಕೂತಿರಬಹುದು. ಗಲ್ ಅಂದರೆ ಹಕ್ಕಿ ನೋಡುವವರೂ ಓಡಿಹೋಗುವುದು ಇದಕ್ಕೇ.

ಆ ನಲವತ್ತನ್ನು ತಿದ್ದಿ ಮೂರು ಮಾಡಿದೆ. ಬೇಜಾರಾಯಿತಾ ಅಂದರೆ, ಆಯಿತು. ಎರಡು ಭಾನುವಾರ ಹೋಗಲೇ ಇಲ್ಲ.

ದೊಡ್ಡ ಗಲ್‌ಗಳಿಗೆ ಬರೋಣ. ಪಲ್ಲಾಸ್ ಗಲ್ ಬಂದರೆ ಗುರುತಿಸುವ ಕಷ್ಟ ಇಲ್ಲ, ಗುಂಪಿನಲ್ಲಿ ಅದೊಂದು ಮದುವೆ ಮನೆಯ ಸೋದರಮಾವನ ಹಾಗೆ ಎದ್ದು ಕಾಣುತ್ತದೆ. ಕಂದುತಲೆಗಿಂತ ಒಂದೂವರೆ ಪಟ್ಟು ಉದ್ದ, ಹಣೆ ಇಳಿಜಾರು, ಹಳದಿ ಕೊಕ್ಕು ದಪ್ಪ, ಕೊಕ್ಕಿನ ತುದಿ ಹತ್ತಿರ ಕಪ್ಪು ಪಟ್ಟಿ, ಅಲ್ಲೇ ಕೆಂಪು. ಚಳಿಗಾಲದಲ್ಲಿ ಕಣ್ಣಿನ ಸುತ್ತ, ಹಿಂದೆ ಮಸಿ ಒರೆಸಿದ ಹಾಗೆ ಕರೆ, ಕಣ್ಣಿನ ಮೇಲೆ ಕೆಳಗೆ ಎರಡು ಬಿಳಿ ಅರ್ಧಚಂದ್ರ. 1773ರಲ್ಲಿ ಇದನ್ನು ವಿವರಿಸಿದ ಪಲ್ಲಾಸ್ ರಷ್ಯಾದಲ್ಲಿ ಕೆಲಸ ಮಾಡಿದ ಜರ್ಮನ್ ವಿಜ್ಞಾನಿ. ಇದರ ವೈಜ್ಞಾನಿಕ ಹೆಸರಿಗೆ ಮೀನುಹದ್ದು ಅನ್ನುವ ಅರ್ಥ. ಹೋದ ಜನವರಿಯಲ್ಲಿ ಒಂದನ್ನು ಹತ್ತಿರದಿಂದ ನೋಡಿದೆ. ಅಂಗೈಯಗಲದ ಏಡಿಯೊಂದನ್ನು ನೀರಿನಿಂದ ಎತ್ತಿ ಕೆಸರಿಗೆ ತಂದು ಹಾಕಿತು. ಏಡಿ ಕೊಂಬೆತ್ತಿ ನಿಂತಿತು. ಗಲ್ ಸುತ್ತ ನಡೆದು ಹಿಂದಿನಿಂದ ಒಂದು ಕಾಲು ಕಿತ್ತಿತು. ಮತ್ತೆ ಸುತ್ತಿತು, ಇನ್ನೊಂದು ಕಾಲು. ಅವಸರವೇ ಇಲ್ಲ. ಎಂಟೊಂಬತ್ತು ನಿಮಿಷದ ಮೇಲೆ ಉಳಿದಿದ್ದನ್ನು ಇಡಿಯಾಗಿ ನುಂಗಿ, ಕುತ್ತಿಗೆ ಎರಡು ಸಲ ಕೊಂಕಿಸಿ, ತಲೆ ಒದರಿತು. ಕೊಕ್ಕಿನ ತುದಿಯಿಂದ ಒಂದು ಹನಿ ಹಾರಿತು. ಆ ಹನಿ ಬರೀ ನೀರಲ್ಲ. ಗಲ್‌ಗಳಿಗೆ ಕಣ್ಣಿನ ಮೇಲ್ಭಾಗದಲ್ಲಿ ಉಪ್ಪಿನ ಗ್ರಂಥಿ ಇರುತ್ತದೆ, ಮೈಗೆ ಸೇರಿದ ಹೆಚ್ಚಿನ ಉಪ್ಪು ಗಟ್ಟಿ ಉಪ್ಪುನೀರಾಗಿ ಮೂಗಿನ ಹೊಳ್ಳೆಯಿಂದ ಇಳಿದು ಕೊಕ್ಕಿನ ತುದಿಯಲ್ಲಿ ತೊಟ್ಟಿಕ್ಕುತ್ತದೆ. ಅದಕ್ಕೇ ಸಮುದ್ರದ ನೀರು ಕುಡಿದೂ ಬದುಕುತ್ತವೆ. ನೆಗಡಿಯಾದ ಹುಡುಗನ ಹಾಗೆ ತಲೆ ಒದರುತ್ತಾ ನಿಂತ ಗಲ್ ಕಂಡರೆ ಇದು ನೆನಪಿರಲಿ.

ಇನ್ನುಳಿದ ದೊಡ್ಡವು ನನ್ನ ತಲೆನೋವು. ಹ್ಯೂಗ್ಲಿನ್ ಗಲ್ ಉತ್ತರ ರಷ್ಯಾದ ಹಿಮಬಯಲಿನಿಂದ ಬರುತ್ತದೆ, ಬೆನ್ನು ಕಡುಬೂದು. ಸ್ಟೆಪ್ ಗಲ್ ಕಜಾಕಿಸ್ತಾನದ ಹುಲ್ಲುಬಯಲಿನದು, ಬೆನ್ನು ಒಂದು ಛಾಯೆ ತಿಳಿ. ಒಂದು ಛಾಯೆ! ಮೋಡ ಬಂದರೆ ತಿಳಿ ಬೂದು ಕಡುಬೂದಾಗುತ್ತದೆ, ಹಕ್ಕಿ ಮೈ ತಿರುಗಿಸಿದರೆ ಮತ್ತೆ ತಿಳಿಯಾಗುತ್ತದೆ. ಇವು ಬೇರೆ ಜಾತಿಗಳೋ, ಒಂದೇ ಜಾತಿಯ ಒಳಪಂಗಡಗಳೋ ಅಂತ ತಜ್ಞರೇ ಎಷ್ಟೋ ಸಲ ಪಟ್ಟಿ ತಿದ್ದಿದ್ದಾರೆ. ಸಹಾಯಕ್ಕೆ ಬರುವುದು ಗರಿ ಬದಲಿಸುವ ಹೊತ್ತು. ಹ್ಯೂಗ್ಲಿನ್ ತಡ ಮಾಡುತ್ತದೆ, ಡಿಸೆಂಬರ್ ಜನವರಿಯಲ್ಲೂ ರೆಕ್ಕೆಯ ತುದಿ ಗರಿಗಳು ಇನ್ನೂ ಬೆಳೆಯುತ್ತಿರುತ್ತವೆ, ರೆಕ್ಕೆ ಮೊಂಡಾಗಿ ಕಾಣುತ್ತದೆ. ಸ್ಟೆಪ್ ಗಲ್ ಅಷ್ಟರೊಳಗೆ ಕೆಲಸ ಮುಗಿಸಿರುತ್ತದೆ. ಇದೂ ಒಂದು ಓಟು ಮಾತ್ರ, ಪೂರ್ತಿ ಬಹುಮತ ಅಲ್ಲ. ನಾನು ಎಷ್ಟೋ ಸಲ 'ದೊಡ್ಡ ಗಲ್, 1, ಗೊತ್ತಾಗಲಿಲ್ಲ' ಅಂತ ಬರೆದು ಪುಟ ತಿರುಗಿಸುತ್ತೇನೆ. ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದಿದ್ದರೆ ಮನೆಗೆ ಹೋಗುವ ಹಾಗಿಲ್ಲ. ಇಲ್ಲಿ ಹೋಗಬಹುದು, ಅದೇ ದೊಡ್ಡ ಸುಖ.

ಸಪೂರ ಕೊಕ್ಕಿನ ಗಲ್ ಅಂತ ಇನ್ನೊಂದಿದೆ. ಉದ್ದ ಕೊಕ್ಕು, ಉದ್ದ ಕತ್ತು, ಕಿವಿಯ ಬೊಟ್ಟು ಇಲ್ಲವೇ ಇಲ್ಲ ಅನ್ನುವಷ್ಟು ಮಸುಕು. ಗುಜರಾತಿನ ಕಚ್ಛ್, ಜಾಮ್‌ನಗರದ ಕಡೆ ಬೇಕಾದಷ್ಟಿವೆ, ನಮ್ಮ ಕಡೆ ಅಪರೂಪ. ಪ್ರತಿ ವರ್ಷ ಸಿಕ್ಕಿತು ಅಂತ ಎದೆ ಹೊಡೆದುಕೊಳ್ಳುತ್ತದೆ, ಹತ್ತಿರ ಬಂದರೆ ಕತ್ತು ಚಾಚಿದ ಕಂದುತಲೆ.

ಎಲ್ಲಿ ಕೂರಬೇಕು, ಯಾವಾಗ ಹೋಗಬೇಕು ಅನ್ನುವುದು ಪುಸ್ತಕದಲ್ಲಿ ಸಿಗದ ಭಾಗ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಚಳಿಗಾಲದಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿಕೊಂಡೇ ಹೋಗುತ್ತಾನೆ. ತದಡಿ ಇರುವುದು ಉತ್ತರ ದಂಡೆಯಲ್ಲಿ, ಅಲ್ಲಿ ನಿಂತು ಅಳಿವೆ ನೋಡಿದರೆ ಬೆಳಕು ಮುಖಕ್ಕೆ, ಎಲ್ಲ ಹಕ್ಕಿಯೂ ಕಪ್ಪು ನೆರಳು. ದಕ್ಷಿಣದ ಅಘನಾಶಿನಿ ದಂಡೆಯಲ್ಲಿ ಕೂತರೆ ಬಿಸಿಲು ನಿಮ್ಮ ಬೆನ್ನಿಗೆ, ಹಕ್ಕಿಯ ಕಣ್ಣಿನ ಅಂಚೂ ಕಾಣುತ್ತದೆ. ಮೊದಲ ಚಳಿಗಾಲ ನಾನು ತದಡಿಯಲ್ಲೇ ಕೂತಿದ್ದೆ, ಯಾಕೆಂದರೆ ಅಲ್ಲಿ ಚಹಾದಂಗಡಿ ಇತ್ತು. ಇನ್ನು ಗಾಳಿ. ಗಲ್‌ಗಳು ಗಾಳಿಗೆ ಮುಖ ಕೊಟ್ಟು ಕೂರುತ್ತವೆ. ಬೆಳಿಗ್ಗೆ ಘಟ್ಟದ ಕಡೆಯಿಂದ ಗಾಳಿ, ಇಡೀ ಗುಂಪು ಪೂರ್ವಕ್ಕೆ ಮುಖ. ಮಧ್ಯಾಹ್ನ ಕಡಲಗಾಳಿ ಎದ್ದ ಮೇಲೆ ಎಲ್ಲವೂ ಒಂದೊಂದಾಗಿ ತಿರುಗಿ ಪಶ್ಚಿಮಕ್ಕೆ. ಎರಡು ಹೊತ್ತಿನಲ್ಲೂ ದಕ್ಷಿಣ ದಂಡೆಯವರಿಗೆ ಪಕ್ಕದ ಮುಖ ಸಿಗುತ್ತದೆ, ಬೊಟ್ಟು ನೋಡಲು ಇದಕ್ಕಿಂತ ಇನ್ನೇನು ಬೇಕು.

ಭರತ ಇಳಿತದ ಲೆಕ್ಕ ನಿಮಗೆ ಕ್ಯಾಲೆಂಡರ್ ನೋಡದೆ ಗೊತ್ತಿರುತ್ತದೆ. ಹುಣ್ಣಿಮೆ ಅಮಾವಾಸ್ಯೆ ಹೊತ್ತಿಗೆ ಬೆಳಗಿನ ಜಾವ ಮತ್ತು ಸಂಜೆ ಇಳಿತ, ನಡುಹಗಲಿನ ಹತ್ತಿರ ಭರತ. ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ. ಪೂರ್ತಿ ಇಳಿತದಲ್ಲಿ ಹೋದರೆ ಹಕ್ಕಿಗಳು ಅಳಿವೆಯಿಡೀ ಚದುರಿ ತಿನ್ನುತ್ತಿರುತ್ತವೆ, ಪೂರ್ತಿ ಭರತದಲ್ಲಿ ದಿಬ್ಬವೇ ಮುಳುಗಿರುತ್ತದೆ. ನೀರು ಏರುತ್ತಾ ಬರುವ ಎರಡು ಗಂಟೆ ಬಂಗಾರ. ಕೂರುವ ಜಾಗ ಕಿರಿದಾಗುತ್ತಾ ಹೋದ ಹಾಗೆ ಹಕ್ಕಿಗಳು ಒತ್ತಿಕೊಂಡು ಹತ್ತಿರ ಹತ್ತಿರ ಬರುತ್ತವೆ, ಕೊನೆಗೆ ಕಪ್ಪುತಲೆ, ಕಂದುತಲೆ, ರೀವ, ಪಲ್ಲಾಸ್ ಎಲ್ಲ ಒಂದೇ ಸಾಲಿನಲ್ಲಿ ಪಡಿತರ ಅಂಗಡಿಯ ಕ್ಯೂ ಹಾಗೆ.

ಎಣಿಸುವುದು ಹತ್ತರ ಗುಂಪಿನಲ್ಲಿ. ಮೊದಲು ಹತ್ತು ಹಕ್ಕಿ ಒಂದೊಂದಾಗಿ ಎಣಿಸಿ ಆ ಅಗಲ ಕಣ್ಣಲ್ಲಿಟ್ಟುಕೊಳ್ಳಿ, ಆಮೇಲೆ ಅದೇ ಅಗಲವನ್ನು ಗುಂಪಿನ ಉದ್ದಕ್ಕೆ ಸರಿಸುತ್ತಾ ಹೋಗಿ. ನೋಟಿನ ಕಟ್ಟು ಎಣಿಸಿದವರಿಗೆ ಇದು ಕಲಿಸಬೇಕಿಲ್ಲ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತದೆ, 1987ರಿಂದ ನಡೆದುಬಂದಿದೆ. ನಿಮ್ಮಲ್ಲಿ ಯಾರು ಬೇಕಾದರೂ ಸೇರಬಹುದು. ಹೋದ ಸಲ ನಾನು ಎಣಿಸುತ್ತಿದ್ದಾಗ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಹೆಕ್ಕುತ್ತಿದ್ದ ಒಬ್ಬರು ಅಕ್ಕ ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಬುಟ್ಟಿ ದಂಡೆಗಿಟ್ಟು ಕೇಳಿದರು: "ಹಕ್ಕಿ ಎಣಿಸೂಕೆ ಸಂಬಳ ಕೊಡ್ತ್ರಾ ನಿಮಗೆ?" ಇಲ್ಲಕ್ಕಾ, ನಾನೇ ಪೆಟ್ರೋಲ್ ಹಾಕಿಕೊಂಡು ಬರೋದು ಅಂದೆ. ಅವರು ಮತ್ತೇನೂ ಕೇಳಲಿಲ್ಲ. ಆದರೆ ಮುಂದಿನ ವಾರ ಹೋದಾಗ ದೂರದಿಂದಲೇ ಕೂಗಿ ಹೇಳಿದರು, ನಿನ್ನೆ ಜಾಸ್ತಿ ಇದ್ದವು, ಇವತ್ತು ಕಮ್ಮಿ ಅಂತ. ಆ ಮಾತನ್ನೂ ತಾರೀಖು ಹಾಕಿ ಬರೆದುಕೊಂಡೆ.

ಇನ್ನೊಂದು ಮಾತು ನಡುವೆ. ದಿಲ್ಲಿಯ ಯಮುನಾ ಘಾಟಿನಲ್ಲಿ ಜನ ದೋಣಿಯಿಂದ ಗಲ್‌ಗಳಿಗೆ ಖಾರಾ ಸೇವ್ ಎರಚುವ ವಿಡಿಯೋ ನೀವು ನೋಡಿರುತ್ತೀರಿ. ನನಗೆ ಅದು ಹಿಡಿಸುವುದಿಲ್ಲ, ಎಣ್ಣೆಯಲ್ಲಿ ಕರಿದ ಉಪ್ಪುಖಾರ ಹಕ್ಕಿಯ ಊಟ ಅಲ್ಲ. ಆದರೆ ಒಪ್ಪಿಕೊಳ್ಳಬೇಕು, ಮರಿಗಳ ರೆಕ್ಕೆಯ ಬಣ್ಣ ನಾನು ಸರಿಯಾಗಿ ಕಲಿತಿದ್ದು ಆ ವಿಡಿಯೋಗಳನ್ನು ತಡೆದು ತಡೆದು ನೋಡಿಯೇ.

ಈಗ ತಿಂಗಳುಗಳ ಲೆಕ್ಕಕ್ಕೆ ಬರುತ್ತೇನೆ, ಒಂದೇ ದಿಬ್ಬ ಅಂತ ಮೊದಲು ಹೇಳಿದೆನಲ್ಲ, ಅದಕ್ಕೆ. ಇನ್ನು ಎರಡು ಮೂರು ವಾರದಲ್ಲಿ ಮೊದಲ ಗುಂಪು ಇಳಿಯುತ್ತದೆ. ನವೆಂಬರಿನಲ್ಲಿ ಗುರುತಿಸುವುದು ಕಷ್ಟ, ಗರಿ ಸವೆದಿರುತ್ತವೆ, ಬದಲಾಗುತ್ತಿರುತ್ತವೆ. ಡಿಸೆಂಬರ್ ಜನವರಿಯಲ್ಲಿ ಎಲ್ಲವೂ ಬಿಳಿತಲೆ, ಬೊಟ್ಟು ಅಷ್ಟೆ, ಏನೂ ಬದಲಾಗದ ಹಾಗೆ ಕಾಣುತ್ತದೆ, ಬೇಸರವೂ ಬರುತ್ತದೆ. ಅಷ್ಟರಲ್ಲೇ ಪಲ್ಲಾಸ್ ಗಲ್ಲಿನ ಮಸಿ ಹಿಗ್ಗತೊಡಗುತ್ತದೆ. ಎಲ್ಲಕ್ಕಿಂತ ಮೊದಲು ಅದಕ್ಕೇ ಅವಸರ, ಫೆಬ್ರವರಿಯಲ್ಲಿ ತಲೆ ಪೂರ್ತಿ ಕಪ್ಪು ಟೋಪಿ ಹಾಕಿಕೊಂಡಿರುತ್ತದೆ, ಕಣ್ಣಿನ ಎರಡು ಬಿಳಿ ಚಂದ್ರ ಆಗ ಇನ್ನೂ ಎದ್ದು ಕಾಣುತ್ತವೆ. ಆಮೇಲೆ ಸಣ್ಣವು. ಬೊಟ್ಟಿನ ಪಕ್ಕ ಇನ್ನೊಂದು ಕಲೆ, ನೆತ್ತಿಯ ಮೇಲೆ ಒಂದು ಗೀರು, ಒಂದು ವಾರ ಬಿಟ್ಟು ಹೋದರೆ ಅರ್ಧ ತಲೆ ಕೊಳೆಯಾದ ಹಾಗೆ. ಮಾರ್ಚ್ ನಡುವಿಗೆ ಕಂದುತಲೆಯ ಬೆಳೆದ ಹಕ್ಕಿಗಳಿಗೆ ನಿಜವಾಗಿ ಕಂದುತಲೆ ಬಂದಿರುತ್ತದೆ. ಟೋಪಿಯ ಹಿಂಭಾಗದ ಅಂಚು ಗಾಢ, ಮುಖದ ಕಡೆ ತಿಳಿ. ಕಪ್ಪುತಲೆಯದು ಅದಕ್ಕಿಂತ ಗಾಢ. ಡಿಸೆಂಬರಿನಲ್ಲಿ ನಾನು ತಲೆಕೆಡಿಸಿಕೊಂಡು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ ಒಂದು ಹಕ್ಕಿ ಇತ್ತು, ಬಲಗಾಲು ಕುಂಟುತ್ತಿತ್ತು, ಹಾಗಾಗಿ ಪ್ರತಿ ವಾರ ಅದೇ ಹಕ್ಕಿ ಅಂತ ಗೊತ್ತಾಗುತ್ತಿತ್ತು. ಕೂತಲ್ಲಿಂದ ಕಣ್ಣು ಕರಿಯೋ ಬಿಳಿಯೋ ಗೊತ್ತಾಗುವ ದೂರ ಅಲ್ಲ, ಹಾರಿದಾಗೆಲ್ಲ ನಾನು ಬೇರೆ ಕಡೆ ನೋಡುತ್ತಿರುತ್ತಿದ್ದೆ. ಮಾರ್ಚ್ ಎರಡನೇ ಭಾನುವಾರ ಅದು ಚಾಕಲೇಟ್ ಬಣ್ಣದ ತಲೆ ಮಾಡಿಕೊಂಡು ಕುಂಟುತ್ತಾ ದಿಬ್ಬಕ್ಕೆ ಬಂತು. ಮೂರು ತಿಂಗಳ ಹಿಂದಿನ ಪುಟಕ್ಕೆ ಹೋಗಿ ಪ್ರಶ್ನಾರ್ಥಕ ಚಿಹ್ನೆ ಹೊಡೆದುಹಾಕಿದೆ.

ಈ ಹಕ್ಕಿಗಳ ಆಯಸ್ಸು ಕಮ್ಮಿ ಅಂದುಕೊಳ್ಳಬೇಡಿ. ಕಪ್ಪುತಲೆ ಗಲ್ 30 ವರ್ಷ ದಾಟಿ ಬದುಕಿದ್ದಕ್ಕೆ ಯೂರೋಪಿನಲ್ಲಿ ಕಾಲಿಗೆ ಹಾಕಿದ ಉಂಗುರದ ದಾಖಲೆ ಇದೆ. ಕಾಲಲ್ಲಿ ಉಂಗುರ ಕಂಡರೆ ಫೋನ್ ಹಿಡಿದಾದರೂ ಒಂದು ಫೋಟೋ ತೆಗೆಯಿರಿ, ಮಸುಕಾದರೂ ಪರವಾಗಿಲ್ಲ.

ಏಪ್ರಿಲ್ ಮೊದಲ ವಾರದೊಳಗೆ ಟೋಪಿ ಬಂದವು ಹೊರಟುಬಿಡುತ್ತವೆ. ಹೋಗುವುದನ್ನು ನಾನು ಒಂದು ಸಲವೂ ನೋಡಿಲ್ಲ. ಒಂದು ಭಾನುವಾರ ಮುನ್ನೂರು ಇರುತ್ತವೆ, ಮುಂದಿನ ಭಾನುವಾರ ಹದಿನೇಳು. ಉಳಿದವು ಬಹುಪಾಲು ಮರಿಗಳು, ಬಾಲಕ್ಕೆ ಕಪ್ಪು ಪಟ್ಟಿ ಇರುವವು, ಗೂಡು ಕಟ್ಟುವ ವಯಸ್ಸಾಗದವು. ಹೋದ ಮೇ ತಿಂಗಳಲ್ಲಿ, ಸೆಕೆಗೆ ಯಾರೂ ಹೊರಗೆ ಬರದ ಹೊತ್ತಿನಲ್ಲಿ, ಸುಮ್ನೆ ಒಂದು ಸಲ ಹೋಗಿದ್ದೆ. ದಿಬ್ಬದ ಮೇಲೆ ಒಂದೇ ಒಂದು ಗಲ್ ಇತ್ತು. ಗರಿಯೆಲ್ಲ ಸವೆದು, ಬಿಸಿಲಿಗೆ ಬಣ್ಣ ಹೋಗಿ, ಒಗೆದು ಒಗೆದು ಮಾಸಿದ ಬನಿಯನ್ನಿನ ಹಾಗಿತ್ತು. ತಲೆ ಮೇಲೆ ಅಲ್ಲಲ್ಲಿ ಕಂದು ಕಲೆ, ಕಿವಿ ಹತ್ತಿರ ಬೊಟ್ಟು ಇನ್ನೂ ಉಳಿದಿತ್ತು. ಬಳಚಿನ ಅಕ್ಕ ದೂರದಲ್ಲಿ ನೀರಿನಲ್ಲಿದ್ದರು. ಕೈ ಎತ್ತಿ ಒಂದು ಬೆರಳು ತೋರಿಸಿದರು.

ಪ್ರಶ್ನೆಗಳಿದ್ದರೆ ಕೇಳಿ. ಚಹಾ ಬಂದಿದೆ ಅಂತ ಕಾಣುತ್ತದೆ.